ಕೌದಿ ಬಚ್ಚಲು

೧೪ ನವೆಂಬರ್ ೧೯೩೮, ಸೋಮವಾರ. ಗಂಗಾವತಿ

ಗದಗಿನ ಸಾಲೆಯಲ್ಲಿ ಕಲಿತ ಅಕ್ಷರ ಕೈಬಿಟ್ಟು ಹೋಗುತ್ತಿದೆ ಅನಿಸಿ ಇವತ್ತಿನಿಂದ ಬರೆಯಲು ಕೂತಿದ್ದೇನೆ. ಯಾರಾದರೂ ಓದಿಯಾರು ಎಂಬ ಹೆದರಿಕೆ ಇಲ್ಲ. ಇವರು ಈ ಸೀಮೆಯ ಸಾಲೆಯಲ್ಲಿ ಕಲಿತದ್ದೆಲ್ಲ ಉರ್ದು. ಕನ್ನಡ ಅಂದರೆ ಒಂದೊಂದೇ ಅಕ್ಷರ ಕೂಡಿಸಿ ಓದಬೇಕು, ಒಂದು ಸಾಲು ಮುಗಿಯುವುದರೊಳಗೆ ಆಕಳಿಸುತ್ತಾರೆ. ಅತ್ತೆಗೆ ಓದು ಬಾರದು. ಹೀಗಾಗಿ ಮನಸ್ಸಿಗೆ ಬಂದದ್ದನ್ನು ಬರೆಯಬಹುದು.

ಬಂದಿರುವ ತಾಪತ್ರಯ ಇದು. ದೀಪಾವಳಿಯ ಎಣ್ಣೆನೀರಿನ ದಿನ ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದರು. ಆ ಬಚ್ಚಲ ಕಲ್ಲು ಮಾವನವರ ಅಪ್ಪನ ಕಾಲದ್ದು, ನೀರು ಬಿದ್ದು ಬಿದ್ದು ನುಣ್ಣಗಾಗಿದೆ. ಎಷ್ಟು ತಿಕ್ಕಿದರೂ ವಾರದೊಳಗೆ ಮತ್ತೆ ಹಾವಸೆ ಕಟ್ಟುತ್ತದೆ. ಮರಳಿ ಎಂಬ ಊರಿನಿಂದ ಎಲುಬು ಕಟ್ಟುವವನು ಬಂದು, ಒತ್ತಿ ನೋಡಿ, ಏನೂ ಮುರಿದಿಲ್ಲ ಎಂದು ಹೇಳಿ ಹೊಟ್ಟೆತುಂಬ ಉಂಡು ಹೋದ. ಅವನು ಹೇಳಿದ್ದು ನಿಜ, ಎಲುಬು ಗಟ್ಟಿಯಾಗೇ ಇದೆ. ಮುರಿದದ್ದು ಅತ್ತೆಯ ಧೈರ್ಯ. ಈಗ ಬಚ್ಚಲ ಹೊಸ್ತಿಲು ಕಂಡರೂ ಹಿಂದಕ್ಕೆ ಸರಿಯುತ್ತಾರೆ.

ಸ್ನಾನವಿಲ್ಲದೆ ಲಿಂಗಪೂಜೆ ಇಲ್ಲ, ಪೂಜೆಯಾಗದೆ ಬಾಯಿಗೆ ಅನ್ನ ಇಲ್ಲ. ಅತ್ತೆ ತಿಳಿವಳಿಕೆ ಬಂದಾಗಿನಿಂದ ನಡೆಸಿಕೊಂಡು ಬಂದದ್ದು ಇದು. ನಾನೂ ಕೆಲಸದ ಹುಲಿಗವ್ವನೂ ಎರಡು ಕಡೆ ಹಿಡಿದು ಮೀಯಿಸಿದ ದಿನ ಪೂಜೆ, ಊಟ. ಉಳಿದ ದಿನ ಬರೀ ಒಂದು ಬಟ್ಟಲು ಹಾಲು. ಬೇನೆ ಬಿದ್ದವರು ವಿಭೂತಿ ಧರಿಸಿದರೆ ಸಾಕು ಎಂದು ಮಠದ ಅಯ್ಯನವರೇ ಬಂದು ಹೇಳಿದರು. "ಅಯ್ಯಾರು ದೊಡ್ಡ ಮನಸ್ಸಿಲೆ ಹೇಳ್ಯಾರ. ನನ್ನ ಮನಸ್ಸು ಅಷ್ಟು ದೊಡ್ಡದಿಲ್ಲ" ಎಂದು ಅತ್ತೆ ಹಾಲಿನ ಬಟ್ಟಲನ್ನೂ ಅತ್ತ ಸರಿಸಿದರು.

ನಾನು ಈ ಮನೆಗೆ ಕಾಲಿಟ್ಟಾಗಿನಿಂದ ಅತ್ತೆಯ ಬಾಯಿ ಒಂದು ಹೊತ್ತೂ ಸುಮ್ಮನಿದ್ದದ್ದಿಲ್ಲ. ಸಾರಿಗೆ ಉಪ್ಪು, ಅಂಗಳಕ್ಕೆ ಸೆಗಣಿ, ನನ್ನ ಸೆರಗು, ನನ್ನ ತವರು, ಎಲ್ಲಕ್ಕೂ ಒಂದು ಮಾತು ಇಟ್ಟುಕೊಂಡೇ ಇರುತ್ತಿದ್ದರು. ಈಗ ಸುಮ್ಮನಾಗಿದ್ದಾರೆ. ನನಗೆ ಸಾಲೆಗೆ ಸೂಟಿ ಬಿಟ್ಟಂತಾಗಿದೆ. ಹೀಗೆ ಬರೆದರೆ ಪಾಪವೋ ಏನೋ. ಬರೆದಾಯಿತು, ಇರಲಿ.

೧೭ ನವೆಂಬರ್, ಗುರುವಾರ

ಇವತ್ತು ಮೀಯಿಸಿದೆವು. ಮೂವರು ಹಿಡಿಸುವ ಬಚ್ಚಲಲ್ಲ ಅದು. ಬಾಗಿಲು ತೆರೆದೇ ಇಡಬೇಕು, ಹುಲಿಗವ್ವನ ಅರ್ಧ ಮೈ ಹೊರಗೇ ಇರುತ್ತದೆ. ಅತ್ತೆ ಮೊದಲಿಂದ ಕೊನೆಯವರೆಗೆ ಕಣ್ಣು ಮುಚ್ಚಿಕೊಂಡಿದ್ದರು. ಸೀಗೆಕಾಯಿ ಉರಿಯುತ್ತದೇನೋ ಎಂದು ನಾನು ಸೆರಗಿನಿಂದ ಒರೆಸಹೋದೆ. ಉರಿಯಲ್ಲ, ನಾಚಿಕೆ. ಇಬ್ಬರ ಮುಂದೆ ಬತ್ತಲೆ ಕೂರುವ ನಾಚಿಕೆ. ಹುಲಿಗವ್ವ ಊರ ಸುದ್ದಿ ಹೇಳುತ್ತ ನೀರು ಸುರಿದಳು. ನನಗೆ ಅವಳ ಬಾಯಿ ಮುಚ್ಚಿಸಬೇಕು ಅನಿಸಿತು.

ಊಟಕ್ಕೆ ಅರ್ಧ ರೊಟ್ಟಿ ಮುರಿದರು, ಅದರಲ್ಲಿ ಅರ್ಧ ಬೆಕ್ಕಿಗೆ ಹಾಕಿದರು. ತೋಳಿನ ಬಳೆಗಳು ಮೊಣಕೈವರೆಗೆ ಸರಿಯುತ್ತಿವೆ.

೨೪ ನವೆಂಬರ್, ಗುರುವಾರ

ನಗಬಾರದಿತ್ತು, ನಕ್ಕೆ.

ಇವರು ಅಕ್ಕಿ ಚೀಲಗಳನ್ನು ರೈಲಿಗೆ ಹಾಕಿಸಲು ಕೊಪ್ಪಳಕ್ಕೆ ಹೋಗಿದ್ದರು. ಅಲ್ಲಿ ಸ್ಟೇಷನ್ನಿನಲ್ಲಿ ಯಾರೂ ಬಿಡಿಸಿಕೊಳ್ಳದ ಸಾಮಾನನ್ನು ಹರಾಜು ಹಾಕುತ್ತಿದ್ದರಂತೆ. ಮರದ ಪೆಟ್ಟಿಗೆಗಳು, ಒಳಗೆ ನೆಲಕ್ಕೆ ಹಾಸುವ ಬಣ್ಣದ ಸಿಮೆಂಟಿನ ಬಿಲ್ಲೆಗಳು. ಮೇಲಿನ ಹಲಗೆ ಎತ್ತಿ ತೋರಿಸಿದಾಗ ಸಾಲಾಗಿ ನೀಲಿ ಕಮಲಗಳಿದ್ದವಂತೆ. ನಮ್ಮ ಪಡಸಾಲೆಗೆ ಹಾಸಿಸಿದರೆ ತಹಸೀಲದಾರರು ಬಂದರೂ ಚಪ್ಪಲಿ ಹೊರಗೆ ಬಿಟ್ಟು ಬರುತ್ತಾರೆ ಎಂದುಕೊಂಡು ಇವರು ಕೂಗಿಯೇ ಬಿಟ್ಟರು. ನಿನ್ನೆ ಸಂಜೆ ಬಂಡಿ ಬಂತು.

ಇವತ್ತು ಬಿಚ್ಚಿದೆವು. ಕಮಲ ಇದ್ದದ್ದು ಮೇಲಿನ ಸಾಲಿಗೆ ಮಾತ್ರ. ಅದರ ಕೆಳಗೆ ನಕ್ಷತ್ರ, ಅದರ ಕೆಳಗೆ ದ್ರಾಕ್ಷಿಬಳ್ಳಿ, ಆಮೇಲೆ ಚದುರಂಗದ ಮನೆ, ಆಮೇಲೆ ಯಾವುದೋ ಎಲೆ, ಒಂದು ಪೆಟ್ಟಿಗೆಯ ತಳದಲ್ಲಿ ಒಂದೇ ಒಂದು ಹಸಿರು ಗಿಳಿ. ಒಂದರ ಹಾಗೆ ಒಂದಿಲ್ಲ. ಯಾವುದೋ ಅಂಗಡಿಯವರು ಉಳಿದದ್ದನ್ನೆಲ್ಲ ತುಂಬಿ ಕಳಿಸಿದ್ದಾರೆ.

ಇವರು ಯಾರು? ಚೀಲದ ಬಾಯಲ್ಲಿರುವ ಅಕ್ಕಿಯನ್ನು ಕಣ್ಣೆತ್ತಿ ನೋಡದವರು. ಕಬ್ಬಿಣದ ಕೊಳವೆಯನ್ನು ಚೀಲದ ಹೊಟ್ಟೆಗೆ ಚುಚ್ಚಿ, ತಳದ ಕಾಳು ಅಂಗೈಗೆ ಸುರಿದುಕೊಂಡು, ಹಲ್ಲಿನಲ್ಲಿ ಕಡಿದು ನೋಡಿ ದರ ಹೇಳುವವರು. ಮೇಲೆ ಛಲೋದು, ಕೆಳಗೆ ನುಚ್ಚು ತುಂಬಿ ತರುವವರನ್ನು ಪೇಟೆಯ ನಡುವೆ ನಿಲ್ಲಿಸಿ ಬೈಯುವವರು. ಪೆಟ್ಟಿಗೆಗೆ ಕೊಳವೆ ಚುಚ್ಚಲು ಬರುವುದಿಲ್ಲವಲ್ಲ, ಕಮಲ ಕಂಡು ಕಣ್ಣು ಮುಚ್ಚಿಬಿಟ್ಟರು. ನಾನು ಅಡುಗೆಮನೆಗೆ ಹೋಗಿ ಉಳಿದ ನಗೆ ಮುಗಿಸಿ ಬಂದೆ.

ಅತ್ತೆ ಮಂಚದ ಮೇಲೆ ಕೂತು ನೋಡಿದರು. ಒಂದು ಮಾತೂ ಆಡಲಿಲ್ಲ. ಹಿಂದೆ ಆಗಿದ್ದರೆ ಮಗನಿಗೆ ಯುಗಾದಿಯವರೆಗೆ ಸಾಕಾಗುವಷ್ಟು ಬೈಗುಳ ಸಿಗುತ್ತಿತ್ತು.

೨ ಡಿಸೆಂಬರ್, ಶುಕ್ರವಾರ

ಪೆಟ್ಟಿಗೆಗಳು ದನದ ಕೊಟ್ಟಿಗೆ ಸೇರಿವೆ. ಹುಲಿಗವ್ವ ಒಂದು ಬಿಲ್ಲೆಯನ್ನು ಮೊಸರಿನ ಗಡಿಗೆಗೆ ಮುಚ್ಚಳ ಮಾಡಿದ್ದಳು. ಬಿಸಿಲು ಕಾಯಿಸುತ್ತ ಕೂತಿದ್ದ ಅತ್ತೆ ಅದನ್ನು ತರಲು ಹೇಳಿದರು. ತೊಡೆಯ ಮೇಲಿಟ್ಟುಕೊಂಡು ಬೆರಳಿನಿಂದ ದ್ರಾಕ್ಷಿಬಳ್ಳಿಯನ್ನು ಸವರಿದರು. ಆಮೇಲೆ ಇನ್ನೊಂದು ತರಿಸಿದರು, ಆಮೇಲೆ ಮತ್ತೊಂದು. ಅಂಗಳದಲ್ಲಿ ಪಕ್ಕಪಕ್ಕಕ್ಕೆ ಇಡಿಸಿದರು.

"ಒಂದರಂಗ ಒಂದಿಲ್ಲಂತ ಯಾಕ ಅಳ್ತಾನ ಅಂವ? ಕೌದ್ಯಾಗ ಒಂದರಂಗ ಒಂದು ಇರತಾವೇನು?"

ಬಿದ್ದಾಗಿನಿಂದ ಇಷ್ಟುದ್ದ ಮಾತು ಇದೇ ಮೊದಲು. ಈ ಓಣಿಯಲ್ಲಿ ಅತ್ತೆ ಹೊಲಿದ ಕೌದಿ ಇಲ್ಲದ ಮನೆ ಇಲ್ಲ. ಹಳೆ ಸೀರೆ, ಧೋತರ, ಕುಬಸದ ತುಂಡು ಏನು ಕೊಟ್ಟರೂ ನೋಡಿದವರು ಹೌದೆನ್ನುವ ಹಾಗೆ ಕೂಡಿಸುತ್ತಿದ್ದರು. ಬೆರಳು ಸೆಟೆದುಕೊಂಡ ಮೇಲೆ ದಬ್ಬಣ ಬಿಟ್ಟರು.

೬ ಡಿಸೆಂಬರ್, ಮಂಗಳವಾರ

ಎರಡು ರೊಟ್ಟಿ ಸುಟ್ಟವು, ಅನ್ನ ತಳ ಹಿಡಿಯಿತು, ಎಮ್ಮೆ ಕರುವಿಗೆ ಹಾಲು ಬಿಟ್ಟುಕೊಂಡಿತು. ಎಲ್ಲ ಬಿಲ್ಲೆಗಳ ದೆಸೆಯಿಂದ. ಅತ್ತೆ ಮಂಚದ ಮೇಲಿಂದ ಕೋಲು ತೋರಿಸುವುದು, ನಾನು ಅಂಗಳದಲ್ಲಿ ಇಡುವುದು. ನನಗೆ ಕಮಲಗಳೆಲ್ಲ ನಡುವೆ ಬರಬೇಕು. ಅವರಿಗೆ ಕಮಲ ಅಂಚಿಗೆ ಬರಬೇಕು, ನಡುವೆ ಚದುರಂಗದ ಮನೆ. ಕಪ್ಪಿನ ಪಕ್ಕ ಕಪ್ಪು ಇಟ್ಟರೆ ಕೌದಿ ಮುಖ ಗಂಟು ಹಾಕುತ್ತದಂತೆ. ನಾನೂ ಬಿಡಲಿಲ್ಲ, ಅವರೂ ಬಿಡಲಿಲ್ಲ. ಕಡೆಗೆ ಅವರು ಹೇಳಿದಂತೆ ಇಟ್ಟು ಎದ್ದು ನಿಂತು ನೋಡಿದೆ. ಛಂದ ಕಾಣುತ್ತಿತ್ತು. ಅದನ್ನು ನಾನು ಅವರಿಗೆ ಹೇಳಲಿಲ್ಲ.

ಆಗ ನನ್ನ ತಲೆಗೆ ಬಂತು. ಇದನ್ನೆಲ್ಲ ಬಚ್ಚಲಿಗೆ ಹಾಸಿದರೆ? ಆ ಹಾಳು ಕಲ್ಲು ಮುಚ್ಚಿಹೋಗುತ್ತದೆ. ಅತ್ತೆಗೆ ಹೇಳಿದೆ. ಅವರು ಹೌದು ಅನ್ನಲಿಲ್ಲ, ಆದರೆ ಅಲ್ಲ ಅನ್ನಲೂ ಇಲ್ಲ. ಇವರಿಗೆ ಹೇಳಿದರೆ, ಕನಕಗಿರಿಯ ಸಾಹುಕಾರರೊಬ್ಬರು ತಮ್ಮ ಉಗ್ರಾಣದ ಕಟ್ಟೆಗೆ ಎಲ್ಲವನ್ನೂ ಒಯ್ಯುತ್ತೇನೆ ಅಂದಿದ್ದಾರಂತೆ. "ಗೌಂಡಿನ್ನ ಕೇಳಿ ನೋಡು, ಆಮ್ಯಾಗ ಮಾತಾಡೂಣು" ಅಂದರು.

೧೨ ಡಿಸೆಂಬರ್, ಸೋಮವಾರ

ಗೌಂಡಿ ಮುರ್ತುಜಾಸಾಬ ಬಂದಿದ್ದ. ಪೇಟೆಯಲ್ಲಿ ಅರ್ಧ ಮನೆಗಳ ಗೋಡೆ ಕಟ್ಟಿದ್ದು, ಗಚ್ಚು ಹಾಕಿದ್ದು ಅವನೇ. ಒಂದು ಬಿಲ್ಲೆಯನ್ನು ಅಂಗಳದಲ್ಲಿಟ್ಟು, ಮೇಲೆ ತಂಬಿಗೆ ನೀರು ಸುರಿದು, ಸೀಗೆಪುಡಿ ಉದುರಿಸಿ, ಬರಿಗಾಲಿಟ್ಟ. ಕಾಲು ಸರ್ರನೆ ಹೋಯಿತು. ಕಂಬ ಹಿಡಿದುಕೊಂಡ, ಇಲ್ಲದಿದ್ದರೆ ಎಲುಬು ಕಟ್ಟುವವನಿಗೆ ಇನ್ನೊಂದು ಊಟ ಸಿಗುತ್ತಿತ್ತು.

"ಗ್ವಾಡಿಗೆ ಹಚ್ಚೂಣ್ರಿ ಬಾಯಾರ. ನೆಲಕ್ಕ ಬ್ಯಾಡ. ಇದು ನಿಮ್ಮ ಹಳೀ ಕಲ್ಲಿಗಿಂತ ಜಾರತೈತಿ."

ಅತ್ತೆ ಮಂಚದಿಂದ ನೋಡುತ್ತಿದ್ದರು. ಅವನ ಕಾಲು ಜಾರಿದಾಗ ಅವರ ಎರಡೂ ಕೈ ಮಂಚದ ಪಟ್ಟಿಯನ್ನು ಹಿಡಿದವು. ಆಮೇಲೆ ಗೋಡೆ ಕಡೆ ಹೊರಳಿ ಮಲಗಿದರು. ನಾನು ಬಿಲ್ಲೆಗಳನ್ನು ಮತ್ತೆ ಕೊಟ್ಟಿಗೆಗೆ ಹೊತ್ತೆ.

೧೩ ಡಿಸೆಂಬರ್, ಮಂಗಳವಾರ

ಸ್ನಾನ ಬೇಡ ಅಂದರು. ಹಾಲೂ ಬೇಡ ಅಂದರು. ಬೈಯಲಿ ಎಂದು ಬೇಕೆಂದೇ ರೊಟ್ಟಿ ಸೀಯಿಸಿದೆ, ಅದಕ್ಕೂ ಏನೂ ಅನ್ನಲಿಲ್ಲ. ನನಗೆ ಹೆದರಿಕೆಯಾಗುತ್ತಿದೆ.

೧೯ ಡಿಸೆಂಬರ್, ಸೋಮವಾರ

ಬರೆಯುವುದು ಬಹಳ ಇದೆ.

ನಿನ್ನೆ ಮಧ್ಯಾಹ್ನ ಚಳಿಗಾಳಿ ಬೀಸುತ್ತಿತ್ತು. ಅತ್ತೆಗೆ ಅವರೇ ಹೊಲಿದ ಹಳೆ ಕೌದಿ ಹೊದಿಸಿದೆ. ಹೊದಿಸಿ ಎದ್ದೇಳಬೇಕು, ಏಳಲಿಲ್ಲ, ಅಲ್ಲೇ ಕೂತೆ. ಕೌದಿಯಲ್ಲಿ ಒಂದು ರೇಷ್ಮೆ ತುಂಡಿದೆ, ಅವರ ಮದುವೆ ಸೀರೆಯದು. ಹಾಳು ರೇಷ್ಮೆ, ಮುಟ್ಟಿದರೆ ಜಾರುತ್ತದೆ, ಇದು ಇಷ್ಟು ವರ್ಷ ಹೇಗೆ ನಿಂತಿದೆ ಎಂದು ಸುಮ್ಮನೆ ಕೇಳಿದೆ. ಮಾತಾಡಿಸಬೇಕಿತ್ತು, ಅಷ್ಟೇ. ಅತ್ತೆ ನನ್ನ ಬೆರಳು ಹಿಡಿದು ಹೊಲಿಗೆಯ ಮೇಲೆ ಎಳೆದರು. ಒಂದು ಸಾಲು, ಅದರ ಪಕ್ಕ ಇನ್ನೊಂದು ಸಾಲು, ಒತ್ತೊತ್ತಾಗಿ. ಬೆರಳಿಗೆ ಗರಗರ ಹತ್ತಿತು.

"ಅರಿಬಿ ಜಾರತೈತಿ. ಹೊಲಿಗಿ ಜಾರಂಗಿಲ್ಲ."

ಆಮೇಲೆ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. ಬಿಲ್ಲೆಯನ್ನು ಇಡಿಯಾಗಿ ಹಾಸಿದರೆ ತಾನೇ ಜಾರುವುದು? ಒಡೆದು ಸಣ್ಣ ತುಂಡು ಮಾಡಿ, ತುಂಡು ತುಂಡಿನ ನಡುವೆ ಹೊಳೆಮರಳಿನ ಒರಟು ಗಚ್ಚು ತುಂಬಿ, ಅದನ್ನು ನೂಲಿನಷ್ಟು ಎತ್ತರ ಬಿಟ್ಟರೆ? ಎಲ್ಲಿ ಕಾಲಿಟ್ಟರೂ ಕಾಲ ಕೆಳಗೆ ಹೊಲಿಗೆ ಬರುತ್ತದೆ. ಇದನ್ನು ಹೇಳಿದ್ದು ನಾನೋ ಅವರೋ ಈಗ ನೆನಪಿಲ್ಲ, ಇಬ್ಬರೂ ಒಮ್ಮೆಲೇ ಮಾತಾಡುತ್ತಿದ್ದೆವು.

ಕನಕಗಿರಿಯ ಬಂಡಿ ಇವತ್ತು ಬೆಳಿಗ್ಗೆ ಬರುವುದಿತ್ತು. ಬಂತು ಕೂಡ. ಇವರು ಕೊಟ್ಟಿಗೆ ಬಾಗಿಲು ತೆಗೆಸುತ್ತಿದ್ದರು. ಇಡೀ ಬಿಲ್ಲೆ ಒಡೆಯುತ್ತೇನೆ ಅಂದರೆ ಯಾವ ಗಂಡಸು ಒಪ್ಪುತ್ತಾನೆ? ಹೇಳುತ್ತ ಕೂರಲಿಲ್ಲ. ಮೇಲಿದ್ದ ಕಮಲವನ್ನೇ ಎತ್ತಿಕೊಂಡೆ, ಒರಳಿನ ಕಟ್ಟೆಯ ಮೇಲಿಟ್ಟು ಒನಕೆಯಿಂದ ಒಂದು ಪೆಟ್ಟು ಕೊಟ್ಟೆ. ಇನ್ನೊಂದು ಎತ್ತಿಕೊಂಡು ಅದಕ್ಕೂ ಕೊಟ್ಟೆ. ಬಂಡಿಯವನು ಹಿಂದಕ್ಕೆ ಸರಿದ.

ಇವರು ಬಾಯಿ ತೆರೆಯುವ ಮೊದಲೇ ಮಂಚದಿಂದ ದನಿ ಬಂತು. "ವಿರೂಪಾಕ್ಷೀ, ಆಕಿಗೆ ಏನೂ ಅನಬ್ಯಾಡ. ನಾನ ಹೇಳೀನಿ."

ನಿಜವಾಗಿ ಅವರೇನೂ ಹೇಳಿರಲಿಲ್ಲ. ಮದುವೆಯಾದಾಗಿನಿಂದ ಅತ್ತೆ ನನ್ನ ಪರವಾಗಿ ಮಾತಾಡಿದ್ದನ್ನು ನಾನು ಕೇಳಿದ್ದು ಇವತ್ತೇ ಮೊದಲು. ಇವರು ನನ್ನನ್ನೂ ನೋಡಿದರು, ತಾಯಿಯನ್ನೂ ನೋಡಿದರು. ಬಂಡಿಯವನಿಗೆ ಚಹಾ ಕುಡಿಸಿ ಕಳಿಸಿದರು. ಬಂದು ನನ್ನ ಕೈಗೆ ಮೂರನೆಯ ಬಿಲ್ಲೆ ಕೊಟ್ಟರು. "ಒಡಿ. ತಳದ ಮಾಲು ನೋಡದ ತಂದಂವ ನಾನು, ಹೆಂಗ ಬೈಲಿ ನಿನಗ" ಅಂದರು.

೨೭ ಡಿಸೆಂಬರ್, ಮಂಗಳವಾರ

ಮುರ್ತುಜಾಸಾಬನಿಗೆ ಒಡೆದ ಬಿಲ್ಲೆಗಳ ರಾಶಿ ಕಂಡು ಅಳು ಬರುವುದೊಂದು ಬಾಕಿ. ಕೆಲಸ ಹಿಡಿದ ಮೇಲೆ ಮಾತ್ರ ಹುರುಪಾದ. ಗೋಡೆಗೆ ಸೊಂಟದೆತ್ತರ ಇಡೀ ಬಿಲ್ಲೆ, ನೆಲಕ್ಕೆ ತುಂಡು. ಅತ್ತೆಯ ಕುರ್ಚಿಯನ್ನು ಹೊಸ್ತಿಲ ಹೊರಗೆ ಹಾಕಿಸಿದ್ದೆ. ಅಲ್ಲಿಂದಲೇ ಕೋಲು ನೀಡಿ ಯಾವ ತುಂಡು ಎಲ್ಲಿ ಎಂದು ಹೇಳಿದರು. ಅವರು ಹೇಳಿದ ತುಂಡನ್ನು ನಾನು ಹುಡುಕಿ ಕೊಡಬೇಕು, ಅವನು ಕೂರಿಸಬೇಕು. ಗಿಳಿಯನ್ನು ಮಾತ್ರ ಒಡೆಯಬಾರದು ಎಂದು ನಾನು ಹಟ ಹಿಡಿದೆ. ಹಂಡೆಯ ಎದುರಿನ ಗೋಡೆಗೆ ಹಚ್ಚಿಸಿದೆ.

ಇವತ್ತು ಮುಗಿಯುತ್ತ ಬಂತು. ನಡುವೆ ಅಂಗೈಯಷ್ಟು ಜಾಗ ಉಳಿದಾಗ ಅತ್ತೆ ನಿಲ್ಲಲು ಹೇಳಿದರು. ಕೌದಿ ಮುಗಿಯುವಾಗ ನಡುವೆ ಸ್ವಲ್ಪ ಬಿಟ್ಟು, ಅಲ್ಲಿ ಒಂದು ಚೂರು ಹೋಳಿಗೆ, ನಾಲ್ಕು ಕಾಳು ಅಕ್ಕಿ ಇಟ್ಟು ಹೊಲಿದು ಮುಚ್ಚುತ್ತಾರೆ. ಕೌದಿಯ ಹೊಟ್ಟೆ ತುಂಬುವುದು ಅನ್ನುತ್ತಾರೆ ಅದಕ್ಕೆ. ಖಾಲಿ ಹೊಟ್ಟೆಯ ಕೌದಿ ಹೊದ್ದವರಿಗೆ ಬೆಚ್ಚಗಾಗುವುದಿಲ್ಲವಂತೆ. ನೆಲಕ್ಕೂ ಹಾಗೇ ಆಗಬೇಕಂದರು. ನಾನು ಬೆಳಿಗ್ಗೆ ಒಂದೇ ಒಂದು ಹೋಳಿಗೆ ಮಾಡಿದೆ, ಇದಕ್ಕಾಗಿಯೇ. ಮುರ್ತುಜಾಸಾಬ ಕೈ ತೊಳೆದುಕೊಂಡು ಬಂದು ಹೋಳಿಗೆ ಚೂರನ್ನೂ ಅಕ್ಕಿಯನ್ನೂ ಇಟ್ಟು, ಬಿಸ್ಮಿಲ್ಲಾ ಅಂದು, ಮೇಲೆ ಕಮಲದ ನಡುವಿನ ತುಂಡು ಕೂರಿಸಿದ.

ಉಳಿದ ಹೋಳಿಗೆಯನ್ನು ಅತ್ತೆಯ ಮುಂದೆ ಹಿಡಿದೆ. ತಲೆ ಅಲ್ಲಾಡಿಸಿದರು, ಪೂಜೆ ಆಗಿಲ್ಲ. ನನಗೆ ಸಿಟ್ಟೂ ಬಂತು, ಅಳುವೂ ಬಂತು.

"ಬಚ್ಚಲದ ಹೊಟ್ಟಿ ತುಂಬಿಸಿದ್ರಿ. ನಿಮ್ಮ ಹೊಟ್ಟಿ ಯಾವಾಗ ತುಂಬಸೂದು ಯವ್ವಾ?"

ಹೋಳಿಗೆ ಹುಲಿಗವ್ವ ತಿಂದಳು.

೬ ಜನವರಿ ೧೯೩೯, ಶುಕ್ರವಾರ

ಗಚ್ಚು ಒಣಗಿತು. ನಾನೂ ಹುಲಿಗವ್ವನೂ ಮಿಂದೆವು. ಸೀಗೆಪುಡಿ ಚೆಲ್ಲಿ, ನೀರು ಸುರಿದು, ಬೇಕೆಂದೇ ಕಾಲು ಉಜ್ಜಿ ನೋಡಿದೆ. ಜಾರುವುದಿಲ್ಲ. ಕಾಲಡಿಗೆ ಗರಗರ ಹತ್ತುತ್ತದೆ.

ಓಣಿಯ ಹೆಂಗಸರೆಲ್ಲ ಬಚ್ಚಲು ನೋಡಲು ಬಂದು ಹೋಗುತ್ತಿದ್ದಾರೆ. ಎದುರು ಮನೆಯ ಪಂಪಮ್ಮ ಭಿಕ್ಷೆಯವನ ಜೋಳಿಗೆ ಇದ್ದಂತಿದೆ ಅಂದಳು. ಅವಳ ಮನೆಯ ಬಚ್ಚಲಿಗೆ ಬಾಗಿಲೇ ಇಲ್ಲ, ಗೋಣಿಚೀಲ ಕಟ್ಟಿದ್ದಾರೆ, ಅದನ್ನು ನಾನು ಅವಳಿಗೆ ನೆನಪು ಮಾಡಿಕೊಟ್ಟೆ.

ಅವತ್ತು ಯವ್ವಾ ಅಂದ ಮೇಲೆ ಅತ್ತೆ ಎಂದು ಬರೆಯಲು ಕೈ ಬಾರದು, ಅವ್ವ ಎಂದೇ ಬರೆಯುತ್ತೇನೆ. ಅವ್ವ ಕೋಲೂರಿಕೊಂಡು ಹೊಸ್ತಿಲವರೆಗೆ ಬಂದಳು. ನಿಂತಳು. ತಾನೇ ಕೂಡಿಸಿದ ನೆಲವನ್ನು ಬಹಳ ಹೊತ್ತು ನೋಡಿದಳು. ಕಾಲು ಎತ್ತಿದಳು, ಇಡಲಿಲ್ಲ. ಹೊರಳಿ ಹೋದಳು. ಸಂಕ್ರಾಂತಿಗೆ ಎಳ್ಳು ಹಚ್ಚಿ ಮೀಯುವುದಕ್ಕಾದರೂ ಒಳಗೆ ಬರಲಿ ಎಂದು ಬೇಡಿಕೊಂಡಿದ್ದೇನೆ.

೧೨ ಜನವರಿ, ಗುರುವಾರ

ನಾನು ಮಿಂದು ಸೀರೆ ಉಟ್ಟು ಬಾಗಿಲು ತೆಗೆದಿದ್ದೆ. ನೆಲ ಇನ್ನೂ ತೊಯ್ದಿತ್ತು. ಅವ್ವ ಹೊಸ್ತಿಲ ಹೊರಗೆ ನಿಂತಿದ್ದಳು. ದಿನಾ ಹೀಗೇ ಬಂದು ನಿಂತು ಹೋಗುತ್ತಾಳೆ. ಬೆಳಕಿಂಡಿಯಿಂದ ಬಿಸಿಲು ನೇರ ಹಂಡೆಯ ಎದುರು ಬಿದ್ದಿತ್ತು. ಅವಳು ಕಣ್ಣು ಕಿರಿದು ಮಾಡಿ ಆ ಕಡೆ ನೋಡಿ ನನ್ನ ಹೆಸರು ಹಿಡಿದು ಕೂಗಿದಳು.

"ಶೇಖ್ರವ್ವಾ, ಗಿಳಿ ಹೆಂಗ ಹಚ್ಚಿಸೀದಿ?"

ನಾನು ಹೊರಳಿ ನೋಡಿದೆ. ಇಷ್ಟು ದಿನ ನೋಡಿದ ಗಿಳಿಯೇ. ನನಗೇನೂ ಕಾಣಲಿಲ್ಲ.

"ತೆಳಗ ತಲಿ ಮಾಡಿ ಹಚ್ಚಿಸೀದಿಯಲ್ಲೇ! ಅದು ಗಿಳಿಯೋ ಬಾವಲಿಯೋ? ಕಣ್ಣು ಎಲ್ಲಿಟ್ಟಿದ್ದಿ?"

ಬೈಯುತ್ತ ಬೈಯುತ್ತ ಬಂದೇಬಿಟ್ಟಳು. ಕೋಲು ಹೊಸ್ತಿಲ ಹೊರಗೇ ಬಿದ್ದಿತ್ತು. ತೊಯ್ದ ನೆಲದ ಮೇಲೆ ಬರಿಗಾಲಲ್ಲಿ ಅಡ್ಡ ಹಾಯ್ದು ಗೋಡೆಯವರೆಗೆ ಹೋಗಿ ಗಿಳಿಯ ಕೊಕ್ಕಿನ ಮೇಲೆ ಬೆರಳಿಟ್ಟಳು. ಹೌದು, ಕೊಕ್ಕು ಕೆಳಗಿತ್ತು. ನಾನು ಬಾಲದ ಗರಿಯನ್ನೇ ಜುಟ್ಟು ಅಂದುಕೊಂಡು ಕೊಟ್ಟಿದ್ದೆ, ಮುರ್ತುಜಾಸಾಬ ಕೊಟ್ಟಂತೆ ಹಚ್ಚಿದ್ದ. ನನ್ನ ತವರಿನಲ್ಲಿ ಗಿಳಿಗಳು ಹೀಗೇ ಇರುತ್ತವೇನು ಎಂದು ಕೇಳಿದಳು.

ಆಮೇಲೆ ಅವಳಿಗೆ ಗೊತ್ತಾಯಿತು, ಎಲ್ಲಿ ನಿಂತಿದ್ದೇನೆ ಎಂದು. ಮಾತು ನಿಂತಿತು. ನನ್ನ ಭುಜ ಹಿಡಿದಳು, ಉಗುರು ನಾಟುವಷ್ಟು. ಕೆಳಗೆ ನೋಡಿದಳು. ಒಂದು ಕಾಲಿನ ಬೆರಳು ಅಲ್ಲಾಡಿಸಿದಳು, ಆಮೇಲೆ ಇನ್ನೊಂದರದು. ಹೊಲಿಗೆಯನ್ನು ಕಾಲಿನಿಂದ ಮುಟ್ಟಿ ನೋಡುತ್ತಿದ್ದಳು. ಭುಜದ ಮೇಲಿನ ಹಿಡಿತ ಮೆಲ್ಲಗೆ ಸಡಿಲಾಯಿತು.

ಹೊರಗೆ ಬಂದ ಮೇಲೆ ಇಬ್ಬರೂ ಆ ಮಾತು ಎತ್ತಲಿಲ್ಲ. ಗಿಳಿ ಹಾಗೇ ಇರಲಿ ಅಂದಳು, ಕಿತ್ತರೆ ಒಡೆಯುತ್ತದೆ.

೧೪ ಜನವರಿ, ಶನಿವಾರ. ಸಂಕ್ರಾಂತಿ

ಹಂಡೆ ತುಂಬ ನೀರು ಕಾಸಿದೆ. ಅರೆದ ಎಳ್ಳು, ಅರಿಷಿಣ ಬಟ್ಟಲಲ್ಲಿಟ್ಟೆ. ಹುಲಿಗವ್ವನನ್ನು ಕರೆಯಲು ಹೋಗಿ ಬರುವುದರೊಳಗೆ ಅವ್ವ ಒಳಗೆ ಹೋಗಿದ್ದಳು. ಬಾಗಿಲು ಮುಚ್ಚಿತ್ತು. ನಾನು ತಳ್ಳಬೇಕೆಂದು ಕೈ ಇಟ್ಟೆ. ಆಗ ಒಳಗಿನಿಂದ ಅಗುಳಿ ಬಿದ್ದ ಸದ್ದು ಕೇಳಿತು.

ಇವರು ಪಡಸಾಲೆಯಿಂದ ಓಡಿ ಬಂದರು. ಬಾಗಿಲು ಬಡಿಯಬೇಡಿ ಎಂದು ಕೈ ಅಡ್ಡ ಹಿಡಿದೆ. ಮೂವರೂ ನಿಂತು ಕೇಳಿದೆವು. ತಂಬಿಗೆ ಹಂಡೆಯಲ್ಲಿ ಮುಳುಗಿದ ಸದ್ದು. ನೀರು ಸುರಿದ ಸದ್ದು. ಮತ್ತೆ ತಂಬಿಗೆ. ಬಳೆ. ಮತ್ತೆ ನೀರು. ಗೋಡೆಗೆ ಒರಗಿ ಕೂತುಬಿಟ್ಟೆ. ಇವರು ಅಳುತ್ತಿದ್ದರು, ಕಂಡೂ ಕಾಣದವಳ ಹಾಗಿದ್ದೆ.

ನಾನು ಹೊರಗೆ ಕೂತದ್ದು ಅವಳಿಗೆ ಹೇಗೋ ಗೊತ್ತಾಗಿದೆ.

"ಬಾಗಲಾ ಕಾಯಕೋತ ಯಾಕ ಕುಂತೀದಿ? ಹೋಗು, ರೊಟ್ಟಿ ಬಡಿ. ಪೂಜಿ ಮಾಡಿ ಬರ್ತೀನಿ. ಹಸಿವ್ಯಾಗೇತಿ ನನಗ."

ಹೋಗಿ ಹಂಚಿಟ್ಟೆ. ಸಜ್ಜೆ ರೊಟ್ಟಿ, ಬದನೆಕಾಯಿ ಪಲ್ಯ, ಎಳ್ಳುಹೋಳಿಗೆ, ಮೇಲೆ ಬೆಣ್ಣೆ. ಹಣೆಯ ತುಂಬ ವಿಭೂತಿ ಧರಿಸಿಕೊಂಡು, ತಲೆಯಿಂದ ನೀರು ಇಳಿಯುತ್ತಿರುವಾಗಲೇ ಬಂದು ಎಡೆಯ ಮುಂದೆ ಕೂತಳು. ಒಂದು ರೊಟ್ಟಿ ಮುಗಿಸಿ ಇನ್ನೊಂದಕ್ಕೆ ಕೈ ಚಾಚಿದಳು. ಬೆಕ್ಕು ಬಂದು ಎದುರು ಕೂತಿತ್ತು, ಅದಕ್ಕೆ ಇವತ್ತು ಏನೂ ಸಿಗಲಿಲ್ಲ.

ಕಣ್ಣೀರು ಒರೆಸಿಕೊಳ್ಳುವ ಗಡಿಬಿಡಿಯಲ್ಲಿ ಮೊದಲ ರೊಟ್ಟಿ ಸೀದಿತ್ತು. ಅವ್ವ ಅದನ್ನೂ ಬಿಡಲಿಲ್ಲ. ಬೈಯುತ್ತಲೇ ತಿಂದಳು.